ಸರ್ಫಿಂಗ್ ಮಾಡುವಾಗ ಮೌತ್‌ಗಾರ್ಡ್ (ಪೆಟ್ಟು ಬೀಳದಂತೆ ಹಲ್ಲಿಗೆ ಹಾಕುವ ಕವಚ) ಕಳಚುತ್ತದೆ, ವಾಕರಿಕೆಯೂ ಬರುತ್ತದೆ. ಇನ್ನೂ ದಪ್ಪದ್ದು ಕೊಳ್ಳಬೇಕೇ?

ದಪ್ಪದ್ದು ಬೇಡ. ಮಂಗಳೂರು ಬಳಿಯ ಸಸಿಹಿತ್ಲು ಕಡಲತೀರದಲ್ಲಿ ಸರ್ಫಿಂಗ್ ಕಲಿಯುವ ನಿಮ್ಮ 15 ವರ್ಷದ ಮಗಳಿಗೆ ವಾಕರಿಕೆ ಬರುತ್ತದೆ, ಉಸಿರು ಸಿಗುವುದಿಲ್ಲ, ಅಲೆಯಡಿ ಹೋಗಿ ಎದ್ದರೆ ಗಾರ್ಡ್ ಬಾಯಲ್ಲಿ ಇರುವುದಿಲ್ಲ ಎಂದು ಬರೆದಿದ್ದೀರಿ. ಮೂರಕ್ಕೂ ಮೂಲ ಒಂದೇ, ಗಾರ್ಡ್ ಹಲ್ಲಿಗೆ ಸರಿಯಾಗಿ ಕೂತಿಲ್ಲ. ಕೂರದ ಗಾರ್ಡನ್ನು ಹಿಡಿದಿಡಲು ಸದಾ ಹಲ್ಲು ಕಚ್ಚಿರಬೇಕು. ಕಬಡ್ಡಿ ಅಂಕಣದಲ್ಲಾದರೆ ಹೇಗೋ ಸುಧಾರಿಸಬಹುದು. ಆದರೆ ನೀರಿನಿಂದ ತಲೆ ಎತ್ತಿದವರು ಬಾಯಿ ತೆರೆದೇ ಗಾಳಿ ಎಳೆದುಕೊಳ್ಳುತ್ತಾರೆ. ಬಾಯಿ ತೆರೆದರೆ ಸಡಿಲ ಗಾರ್ಡ್‌ನ ಸಂದಿಗೆ ನೀರು ನುಗ್ಗಿ ಹಿಡಿತ ಬಿಡುತ್ತದೆ.

ದಪ್ಪದ ಲೆಕ್ಕ ಹೀಗಿದೆ: ಮುಂಭಾಗದಲ್ಲಿ, ತುಟಿಯ ಕಡೆಗೆ 3 ಮಿ.ಮೀ., ಕಚ್ಚುವ ಮೇಲ್ಮೈಯಲ್ಲಿ 2, ಅಂಗುಳದ ಕಡೆ 1 ಮಿ.ಮೀ. ಸಾಕು. 4 ಮಿ.ಮೀ. ದಾಟಿದರೆ ರಕ್ಷಣೆ ಹೆಚ್ಚುವುದು ಅತ್ಯಲ್ಪ, ಕಿರಿಕಿರಿ ಮಾತ್ರ ಜಾಸ್ತಿ. ಬಾಕ್ಸಿಂಗಿಗೆಂದು ಮಾರುವ, ಮೇಲಿನ ಕೆಳಗಿನ ಎರಡೂ ಹಲ್ಲುಸಾಲಿಗೆ ಸೇರಿದ ಗಾರ್ಡನ್ನಂತೂ ನೀರಿಗೆ ಒಯ್ಯಲೇಬೇಡಿ.

ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಗಾರ್ಡ್ ಈಗಾಗಲೇ ಇದೆಯಲ್ಲ, ಮೊದಲು ಅದನ್ನೇ ಸರಿಮಾಡಿ ನೋಡಿ. ಅದನ್ನು ಅಚ್ಚು ಹಾಕುವ ಮುಂಚೆಯೇ ಉದ್ದ ಕತ್ತರಿಸಬೇಕು. ಹೆಚ್ಚಿನವರು ಇದನ್ನು ಬಿಡುತ್ತಾರೆ. ಮುಂದಿನ ನಡುಹಲ್ಲಿನಿಂದ ಎಣಿಸಿದರೆ ಆರನೆಯದು ಮೊದಲ ದವಡೆಹಲ್ಲು. ಗಾರ್ಡ್ ಅದನ್ನು ಪೂರ್ತಿ ಮುಚ್ಚಿರಲಿ. ಅದರ ಹಿಂದಕ್ಕೆ ಚಾಚಿದ ಗಾರ್ಡ್‌ನ ಭಾಗ ವಾಕರಿಕೆ ತರುತ್ತಿದ್ದರೆ ಸಣ್ಣ ಬಾಗಿದ ಕತ್ತರಿಯಿಂದ ಎರಡೂ ಬದಿ 2 ಮಿ.ಮೀ.ನಂತೆ ತೆಗೆಯುತ್ತಾ ಬನ್ನಿ. ಮೇಲ್ತುಟಿಯನ್ನು ಒಸಡಿಗೆ ಸೇರಿಸುವ ನಡುವಿನ ತೆಳು ಪದರಕ್ಕೆ ತಾಗದಂತೆ ಗಾರ್ಡ್‌ನ ಅಂಚನ್ನು ಅಲ್ಲಿ ಸ್ವಲ್ಪ ಕತ್ತರಿಸಿ. ಕತ್ತರಿಸಿದ ಅಂಚನ್ನು ಉಗುರು ಉಜ್ಜುವ ಅರದಿಂದ ನಯ ಮಾಡಿ.

ನೀರು ಕುದಿಸಿ ಒಲೆ ಆರಿಸಿ. ಪೊಟ್ಟಣದಲ್ಲಿ ಹೇಳಿದಷ್ಟೇ ಸೆಕೆಂಡು ಅದ್ದಿ, ಅದು ಕಂಪನಿಯಿಂದ ಕಂಪನಿಗೆ ಬೇರೆ. ಒಂದೆರಡು ಸೆಕೆಂಡು ತಣ್ಣೀರಿಗೆ ತೋರಿಸಿ, ಕನ್ನಡಿ ಮುಂದೆ ಮೇಲಿನ ಹಲ್ಲಿಗೆ ಕೂರಿಸಿ. ಇನ್ನು ಮುಂದೆಯೇ ಕೆಲಸ ಕೆಡುವುದು. ‘ಕಚ್ಚಿ’ ಅಂದರೆ ಜನ ಕಬ್ಬು ಕಚ್ಚಿದ ಹಾಗೆ ಕಚ್ಚುತ್ತಾರೆ. ಆಗ ಕಚ್ಚುವ ಪದರ ತೆಳುವಾಗುತ್ತದೆ, ಹಿಂಡಿ ಹೊರಬಂದ ಮೆತ್ತನೆಯ ಭಾಗ ಅಂಗುಳದಲ್ಲಿ ಗಡ್ಡೆಕಟ್ಟಿ ವಾಕರಿಕೆ ತರಿಸುತ್ತದೆ. ಕೆಳಹಲ್ಲನ್ನು ಮೆಲ್ಲಗೆ ತಾಗಿಸಿದರೆ ಸಾಕು. ತುಟಿ ಮುಚ್ಚಿ ಜೋರಾಗಿ ಚೀಪಬೇಕು. ಹೊರಗಿನಿಂದ ಬೆರಳಿನಿಂದ ಕೆನ್ನೆ, ತುಟಿ ಒತ್ತಬೇಕು, ಒಳಗಿನಿಂದ ನಾಲಿಗೆಯಿಂದ ಅಂಗುಳದ ಕಡೆಗೆ ತಳ್ಳಬೇಕು. ಅರ್ಧ ನಿಮಿಷದ ನಂತರ ತೆಗೆದು ತಣ್ಣೀರಿಗೆ ಹಾಕಿ.

ಪರೀಕ್ಷೆ ಮನೆಯಲ್ಲೇ ಆಗಲಿ. ಬಾಯಿ ಅಗಲಿಸಿ ತಲೆ ಅಲ್ಲಾಡಿಸಿದರೆ ಗಾರ್ಡ್ ಜಾರಬಾರದು. ‘ಸಸಿಹಿತ್ಲು’ ಅನ್ನುವುದು ಅರ್ಥವಾಗುವಂತೆ ಬರಬೇಕು. ಒಂದು ಗುಟುಕು ನೀರು ನುಂಗಲಿ, ಆಮೇಲೆ ಬಕೆಟಿನಲ್ಲಿ ಮುಖ ಮುಳುಗಿಸಿ ಗುಳ್ಳೆ ಬಿಟ್ಟು, ತಲೆ ಎತ್ತಿ ಬಾಯಲ್ಲಿ ಉಸಿರೆಳೆಯಲಿ. ಆಗಲೂ ಅಲ್ಲೇ ಇದ್ದರೆ ಕಡಲಿಗೆ ಹೋಗಬಹುದು. ಇಲ್ಲದಿದ್ದರೆ ಮತ್ತೊಮ್ಮೆ ಅಚ್ಚು ಹಾಕಿ. ಹಲವು ಸಲ ಕಾಯಿಸಿದ ಗಾರ್ಡ್ ಹಿಡಿತ ಕಳೆದುಕೊಳ್ಳುತ್ತದೆ, ಅಂಥದ್ದನ್ನು ಎಸೆಯಿರಿ.

ಹಲ್ಲಿಗೆ ತಂತಿ ಹಾಕಿಸಿದ್ದರೆ ಈ ಬಿಸಿನೀರಿನ ಉಪಾಯ ಬೇಡವೇ ಬೇಡ, ಮೆತ್ತಗಾದ ಪ್ಲಾಸ್ಟಿಕ್ ತಂತಿಗೆ ಸಿಕ್ಕಿಕೊಳ್ಳುತ್ತದೆ. ಚಿಕಿತ್ಸೆ ಮಾಡುವ ವೈದ್ಯರನ್ನೇ ಕೇಳಿ.

ಹಣ ಹಾಕಲು ಸಿದ್ಧರಿದ್ದರೆ ಅಳತೆ ಕೊಟ್ಟು ಮಾಡಿಸಿದ್ದೇ ಉತ್ತಮ ಎನ್ನುತ್ತೇನೆ. ಮಂಗಳೂರು, ದೇರಳಕಟ್ಟೆ, ಮಣಿಪಾಲದ ದಂತ ಕಾಲೇಜುಗಳ ಕೃತಕ ದಂತ ವಿಭಾಗದಲ್ಲಿ ವಿಚಾರಿಸಿ. ಹಲ್ಲಿನ ಅಚ್ಚು ತೆಗೆದು, ಗಟ್ಟಿ ಜಿಪ್ಸಂನಲ್ಲಿ ಮಾದರಿ ಎರೆದು, ಅದರ ಮೇಲೆ ಕಾಯಿಸಿದ ಇವಿಎ (ರಬ್ಬರಿನಂಥ ಮೆತ್ತನೆಯ ಪ್ಲಾಸ್ಟಿಕ್) ಹಾಳೆಯನ್ನು ಎಳೆದು ಕೂರಿಸುತ್ತಾರೆ. ಎಳೆದಾಗ ಹಾಳೆ ತೆಳುವಾಗುವುದರಿಂದ ಮುಗಿದ ಮೇಲೆ ಮುಂಭಾಗ 3 ಮಿ.ಮೀ. ಉಳಿಯಬೇಕೆಂದು ಮೊದಲೇ ಹೇಳಿ. ‘ನೀರಾಟಕ್ಕೆ, ಅಂಗುಳದ ಅಂಚು ತೆಳುವಾಗಿ ಇಳಿಜಾರಾಗಿರಲಿ’ ಎಂದೂ ಹೇಳಿ.

ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ. ಇವಿಎ ನೀರಿಗಿಂತ ಹಗುರ, ಕಳಚಿದರೂ ತೇಲುತ್ತದೆ, ಆದರೆ ಪಾರದರ್ಶಕವಾದದ್ದು ನೊರೆಯಲ್ಲಿ ಕಾಣಿಸುವುದಿಲ್ಲ ಮಾರಾಯ್ರೆ. ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಮರಳು ತೊಳೆದು, ಮನೆಯಲ್ಲಿ ತಣ್ಣೀರು, ಸಾಬೂನು ಹಾಕಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ತೂತಿರುವ ಡಬ್ಬಿಯಲ್ಲಿ ಒಣಗಿಸಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿಟ್ಟರೆ ಆಕಾರ ಕೆಡುತ್ತದೆ.

ಗಾರ್ಡ್ ಇದೆಯೆಂದು ಮೈಮರೆಯುವಂತಿಲ್ಲ. ತಲೆಗೆ ಬೀಳುವ ಪೆಟ್ಟನ್ನು ಅದು ತಡೆಯುತ್ತದೆಂದು ನಂಬಬೇಡಿ. ಬಿದ್ದಾಗ ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ಎಳೆತಕ್ಕೆ ಬೋರ್ಡ್ ಮುಖಕ್ಕೇ ವಾಪಸ್ ಬರಬಹುದು, ಹಾಗಾಗಿ ತೋಳನ್ನು ಮುಖಕ್ಕೆ ಅಡ್ಡ ಹಿಡಿದೇ ಮೇಲೇಳಬೇಕು. ಅಷ್ಟಾಗಿಯೂ ಶಾಶ್ವತ ಹಲ್ಲು ಬುಡಸಹಿತ ಬಿದ್ದರೆ ಬೇರನ್ನು ಮುಟ್ಟದೆ ಹಿಡಿದು, ಉಜ್ಜದೆ, ಕೊಳೆ ಇದ್ದರೆ ಹಗುರಾಗಿ ತೊಳೆದು ಅದೇ ಕುಳಿಯಲ್ಲಿ ಕೂರಿಸಿ. ಆಗದಿದ್ದರೆ ಅಂಗಡಿಯಿಂದ ಹಾಲಿನ ಪ್ಯಾಕೆಟ್ ತಂದು ಹಾಲಿನಲ್ಲಿ ಹಾಕಿ. ಪಕ್ಕದಲ್ಲೇ ಬೊಂಡದ ಗಾಡಿ ಇದ್ದರೂ ಎಳನೀರಿಗಿಂತ ಹಾಲೇ ಮೇಲು. ಅರ್ಧ ಗಂಟೆಯೊಳಗೆ ದಂತ ವೈದ್ಯರಲ್ಲಿಗೆ ತಲುಪಲು ನೋಡಿ.