ಸಂದು ಸೋಲಲಿ, ಇಟ್ಟಂಗಿ ಉಳಿಯಲಿ

ಮನೆ ರಿಪೇರಿ: ಓದುಗರ ಪ್ರಶ್ನೆ, ಬಳ್ಳಾರಿ ಮೇಸ್ತ್ರಿಯ ಉತ್ತರ

ಪ್ರಶ್ನೆ: ನನ್ನ ಮಗ ಅಮೆರಿಕದ ಶಿಕಾಗೋದಲ್ಲಿ ಹಳೇ ಇಟ್ಟಂಗಿ ಮನೆ ಕೊಂಡಿದ್ದಾನೆ. 1920ರ ಆಸುಪಾಸಿನಲ್ಲಿ ಕಟ್ಟಿದ್ದಂತೆ. ಹೊರಗೋಡೆಗೆ ಪ್ಲಾಸ್ಟರ್ ಇಲ್ಲ. ಇಟ್ಟಂಗಿಗಳ ನಡುವಿನ ಸಂದಿನ ಗಾರೆ ಬೆರಳಿಂದ ಉಜ್ಜಿದರೆ ಪುಡಿಯಾಗಿ ಉದುರುತ್ತದೆ. ಹಿಂದಿನ ಮಾಲೀಕರು ಒಂದು ಕಡೆ ಸಿಮೆಂಟ್ ತುಂಬಿಸಿದ್ದಾರೆ. ಅಲ್ಲಿ ಗಾರೆ ಗಟ್ಟಿಯಾಗಿದೆ, ಆದರೆ ಸುತ್ತಲಿನ ಇಟ್ಟಂಗಿಯ ಮುಖವೇ ಕಿತ್ತು ಬೀಳುತ್ತಿದೆ. ಅಲ್ಲಿನ ಕಾಂಟ್ರಾಕ್ಟರ್ ಮಷೀನಿನಿಂದ ಮನೆಯ ಎಲ್ಲ ಸಂದು ಕೊರೆದು, ಎಸ್ ಎಂಬ ನಮೂನೆಯ ಗಟ್ಟಿ ಗಾರೆ ತುಂಬಿ, ನವೆಂಬರ್ ಮುಗಿಯುವುದರೊಳಗೆ ಕೆಲಸ ಒಪ್ಪಿಸುತ್ತೇನೆ ಎನ್ನುತ್ತಿದ್ದಾನೆ. ಫೋಟೊ ನಮ್ಮ ಓಣಿಯ ಗೌಂಡಿಗೆ ತೋರಿಸಿದೆ. ಅವನೂ ‘ಸಿಮೆಂಟ್ ಒಂದಕ್ಕ ಉಸುಕು ಮೂರು ಹಾಕಿ ಬಿಗಿಯಾಗಿ ತುಂಬಸ್ರಿ, ಮತ್ತ ಆ ಕಡೆ ನೋಡೋದ ಬ್ಯಾಡ’ ಅಂದ. ಮಾಡಿಸಲೇ?
– ನಿವೃತ್ತ ಶಿಕ್ಷಕಿ, ಗಾಂಧಿನಗರ, ಬಳ್ಳಾರಿ

ಉತ್ತರ: ಬ್ಯಾಡ್ರಿ ಟೀಚರ್. ಶಿಕಾಗೋದ ಕಾಂಟ್ರಾಕ್ಟರೂ ನಿಮ್ಮ ಓಣಿಯ ಗೌಂಡಿಯೂ ಒಂದೇ ರಾಗ ಹಾಡಿದ್ದಾರೆ, ಇಬ್ಬರದೂ ಅಪಸ್ವರ. ಉತ್ತರ ನಿಮ್ಮ ಪತ್ರದಲ್ಲೇ ಇದೆ: ಸಿಮೆಂಟ್ ತುಂಬಿದ ಕಡೆ ಗಾರೆ ನಿಂತಿದೆ, ಇಟ್ಟಂಗಿ ಹೋಗಿದೆ. ಗಾರೆ ಹೋದರೆ ಮತ್ತೆ ತುಂಬಬಹುದು, ಇಟ್ಟಂಗಿ ಹೋದರೆ ಗೋಡೆ ಬಿಚ್ಚಬೇಕು. ಹಳೇ ಗೋಡೆಯಲ್ಲಿ ಗಾರೆ ಯಾವತ್ತೂ ಇಟ್ಟಂಗಿಗಿಂತ ಮೆತ್ತಗಿರಬೇಕು. ಸವೆಯುವುದೇ ಅದರ ಕೆಲಸ.

ಮಳೆ ನೀರು, ಹಿಮ ಕರಗಿದ ನೀರು ಸ್ವಲ್ಪವಾದರೂ ಗೋಡೆಯೊಳಗೆ ಹೋಗಿಯೇ ಹೋಗುತ್ತದೆ. ಹೋದದ್ದು ಹೊರಬರಲು ದಾರಿ ಬೇಕಲ್ಲ? ಸುಣ್ಣ ಹೆಚ್ಚಿರುವ ಗಾರೆ ಆ ದಾರಿ ಬಿಡುತ್ತದೆ, ಸಿಮೆಂಟ್ ಮುಚ್ಚಿಬಿಡುತ್ತದೆ. ಆಗ ತೇವವೆಲ್ಲ ಇಟ್ಟಂಗಿಯ ಮೂಲಕವೇ ಆರಬೇಕು. ಬಳ್ಳಾರಿಯ ಬಿಸಿಲಿಗಾದರೆ ಹೇಗೋ ಆರೀತು. ಶಿಕಾಗೋದಲ್ಲಿ ಆರುವ ಮೊದಲೇ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಗಲು ಕರಗುವುದು, ರಾತ್ರಿ ಹೆಪ್ಪುಗಟ್ಟುವುದು, ಒಂದೇ ಚಳಿಗಾಲದಲ್ಲಿ ಇದು ಎಷ್ಟೋ ಸಲ ನಡೆದು ಇಟ್ಟಂಗಿಯ ಮುಖ ಹಪ್ಪಳದಂತೆ ಎದ್ದುಬಿಡುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಕಾಟ: ಬಿಸಿಗೆ ಇಟ್ಟಂಗಿ ಹಿಗ್ಗುವಾಗ ಗಟ್ಟಿ ಸಿಮೆಂಟ್ ಜಾಗ ಬಿಡುವುದಿಲ್ಲ, ಇಟ್ಟಂಗಿಯ ಅಂಚು ಒಡೆಯುತ್ತದೆ.

ನನ್ನ ಮಗಳೂ ಅದೇ ಊರಿನಲ್ಲಿದ್ದಾಳೆ. ಒಮ್ಮೆ ಮಾರ್ಚಿನಲ್ಲಿ ಅಲ್ಲಿಗೆ ಹೋದಾಗ ಮನೆಗಳ ಹಿಂದಿನ ಗಲ್ಲಿಗಳಲ್ಲಿ ಅಡ್ಡಾಡುವುದೇ ನನ್ನ ಉದ್ಯೋಗವಾಗಿತ್ತು. ಕಂಡವರ ಗೋಡೆ ಮುಟ್ಟಿ ನೋಡುವ ಮಾವನಿಂದ ಅಳಿಯನಿಗೆ ಭಾರಿ ಮುಜುಗರ. ಹಿಮ ಕರಗುವ ಹೊತ್ತಿಗೆ ಗೋಡೆಯ ಬುಡದಲ್ಲಿ ಕೆಂಪು ಚಕ್ಕೆಗಳು ಬಿದ್ದಿರುತ್ತವೆ. ಒಂದನ್ನು ಎತ್ತಿ ನೋಡಿದೆ. ಹೊರಮೈ ಗಟ್ಟಿ, ಮಸಿ ಹಿಡಿದದ್ದು. ಒಳಮೈ ಕಿತ್ತಳೆ ಬಣ್ಣ, ಉಗುರಿಗೆ ಪುಡಿ ಬರುವಷ್ಟು ಮೆತ್ತಗೆ. ಅದು ಬಿದ್ದ ಜಾಗದಲ್ಲಿ ಇಟ್ಟಂಗಿ ಅರ್ಧ ಇಂಚು ಒಳಗೆ ಸರಿದಿದೆ, ಸುತ್ತಲೂ ಬೂದು ಸಿಮೆಂಟಿನ ಗೀಟು ಮಾತ್ರ ಮುಂದೆ ಚಾಚಿಕೊಂಡಿದೆ. ಭಟ್ಟಿಯಲ್ಲಿ ಬೆಂದ ಹೊರಪದರವೇ ಇಟ್ಟಂಗಿಗೆ ರಕ್ಷೆ. ಅದು ಹೋದ ಮೇಲೆ ಇಟ್ಟಂಗಿ ಬಹಳ ಕಾಲ ಬಾಳುವುದಿಲ್ಲ.

ಶಿಕಾಗೋದ ಆ ಕಾಲದ ಮನೆಗಳಲ್ಲಿ ಬೀದಿಯ ಮುಖಕ್ಕೆ ನುಣುಪಾದ ಗಟ್ಟಿ ಇಟ್ಟಂಗಿ, ಪಕ್ಕಕ್ಕೂ ಹಿಂದಕ್ಕೂ ಅಗ್ಗದ ಮೆತ್ತನೆ ಇಟ್ಟಂಗಿ ಹಾಕುತ್ತಿದ್ದರು. ಶೋಕಿ ಎಲ್ಲ ಬೀದಿಗೇ, ನಮ್ಮ ಕಡೆಯ ಹಾಗೇ. ಆದ್ದರಿಂದ ಇಡೀ ಮನೆಗೆ ಒಂದೇ ಗಾರೆ ಎನ್ನುವವನು ಗೋಡೆ ನೋಡಿಯೇ ಇಲ್ಲ. ಅಲ್ಲಿ ಗಾರೆಗೆ ಅಕ್ಷರಗಳ ಹೆಸರಿದೆ. ಪ್ರಯೋಗಾಲಯದ ಲೆಕ್ಕದಲ್ಲಿ 28 ದಿನಕ್ಕೆ ಎಂ ನಮೂನೆಗೆ 2500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ) ಬಲ, ಎಸ್‌ಗೆ 1800, ಎನ್‌ಗೆ 750, ಓಗೆ 350. ಪಕ್ಕದ, ಹಿಂದಿನ ಮೆತ್ತನೆ ಗೋಡೆಗೆ ಓ ಸಾಕು: 1 ಪಾಲು ಸಿಮೆಂಟ್, 2 ಪಾಲು ಸುಣ್ಣ, 9 ಪಾಲು ಉಸುಕು. ಮುಂದಿನ ಗಟ್ಟಿ ಇಟ್ಟಂಗಿಗೆ, ಗಾಳಿಮಳೆಗೆ ಮೈಯೊಡ್ಡಿದ ಚಿಮಣಿಗೆ ಎನ್, ಅಂದರೆ 1:1:6. ಅದಕ್ಕಿಂತ ಗಟ್ಟಿ ಬೇಡವೇ ಬೇಡ. ನಿಮ್ಮ ಗೌಂಡಿಯ ಒಂದಕ್ಕೆ ಮೂರು ಬಚ್ಚಲಿಗೆ ಇರಲಿ. ಇನ್ನೊಂದು ಮಾತು ಮಗನಿಗೆ ಹೇಳಿ: ಅಲ್ಲಿ ಸುಣ್ಣದ ಚೀಲದ ಮೇಲೂ ಎಸ್ ಎಂದು ಬರೆದಿರುತ್ತದೆ. ಅದು ಸುಣ್ಣದ ದರ್ಜೆ, ಕಟ್ಟಡಕ್ಕೆ ಬೇಕಾದದ್ದೇ. ಗಾರೆಯ ಎಸ್ ಎಂದು ಹೆದರಿ ವಾಪಸ್ ಕೊಡುವುದು ಬೇಡ.

ಈಗ ಕೊರೆಯುವ ಮಾತು. ಆಳ ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಇರಬೇಕು. 10 ಮಿ.ಮೀ. ಸಂದಾದರೆ 20–25 ಮಿ.ಮೀ. ಮೇಲೆ ಮೇಲೆ ಕೆರೆದು ಬಳಿದರೆ ಎರಡು ಚಳಿಗೆ ಪಟ್ಟಿಪಟ್ಟಿಯಾಗಿ ಕಳಚುತ್ತದೆ. ಅಡ್ಡ ಸಂದಿನ ನಡುವೆ ಪಳಗಿದ ಕೈಯವನು ಮಷೀನ್ ಓಡಿಸಲಿ, ಅಡ್ಡಿಯಿಲ್ಲ. ನಿಂತ ಸಂದು ಬರೀ ಎರಡು-ಎರಡೂವರೆ ಇಂಚು ಉದ್ದ, ಚಕ್ರ ಅಷ್ಟರಲ್ಲಿ ನಿಲ್ಲುವುದಿಲ್ಲ, ಮೇಲಿನ ಕೆಳಗಿನ ಇಟ್ಟಂಗಿಯನ್ನೂ ಸೀಳುತ್ತದೆ. ಅಲ್ಲಿ ಉಳಿ, ಸುತ್ತಿಗೆಯೇ ಆಗಬೇಕು. ಆ ದೂಳು ಶ್ವಾಸಕೋಶಕ್ಕೆ ವಿಷ. ಬಾಯಿಗೆ ಟವೆಲ್ ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಬೇಕು.

ತುಂಬುವಾಗ ನಾನು ಮೊದಲು ನೋಡುವುದು ನೀರು. ಸುಣ್ಣ, ಸಿಮೆಂಟ್, ಉಸುಕು ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರು ಚಿಮುಕಿಸಿ ಒಂದೆರಡು ತಾಸು ಬಿಡಬೇಕು. ಆಮೇಲೆ ಉಳಿದ ನೀರು. ಹೀಗೆ ಮಾಡಿದ ಗಾರೆ ಕುಗ್ಗುವುದು ಕಡಿಮೆ. ಸಂದಿನ ದೂಳು ತೊಳೆದು, ಇಟ್ಟಂಗಿಗೆ ನೀರು ಕುಡಿಸಿ, ಮೇಲ್ಮೈ ನೀರು ಇಂಗಿದ ಮೇಲೆ ಕಾಲಿಂಚು ಕಾಲಿಂಚಾಗಿ ಪದರ ಒತ್ತಬೇಕು. ಹೆಬ್ಬೆರಳು ಒತ್ತಿದರೆ ಗುರುತು ಮೂಡಬೇಕು, ಗಾರೆ ಅಂಟಬಾರದು: ಆಗ ಮುಂದಿನ ಪದರ. ಕೊನೆಯ ಪದರವನ್ನು ಇಟ್ಟಂಗಿಯ ಅಂಚಿಗಿಂತ ಕೂದಲೆಳೆಯಷ್ಟು ಒಳಗೇ ನಿಲ್ಲಿಸಬೇಕು. ಹಳೇ ಇಟ್ಟಂಗಿಯ ಅಂಚು ಸವೆದು ಗುಂಡಗಾಗಿರುತ್ತದೆ, ಅದರ ಮೇಲೆ ತೆಳ್ಳಗೆ ಹರಿದ ಗಾರೆ ಬೇಗ ಒಡೆದು ನೀರಿಗೆ ಬಾಯಿ ತೆರೆಯುತ್ತದೆ.

ಮುಖ್ಯವಾಗಿ, ನವೆಂಬರಿನಲ್ಲಿ ಬೇಡ. ಉಷ್ಣತೆ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಈ ಕೆಲಸ ಮಾಡಬಾರದು, ರಾತ್ರಿಯದೂ ಲೆಕ್ಕಕ್ಕೆ. ಹಸಿ ಗಾರೆಯಲ್ಲಿ ನೀರು ಹೆಪ್ಪುಗಟ್ಟಿದರೆ ಮುಂದಿನ ವರ್ಷ ಮತ್ತೆ ಅದೇ ಪುಡಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುವ ವಸ್ತು, ಅದಕ್ಕೆ ಚಳಿ ಬೀಳುವ ಮೊದಲು ವಾರಗಟ್ಟಲೆ ಸಮಯ ಬೇಕು. ಮುಂದಿನ ಮೇ ತಿಂಗಳ ನಂತರ ಹಿಡಿಯಲಿ. ಈ ಚಳಿಗಾಲಕ್ಕೆ ನೀರಿನ ಮೂಲ ಹುಡುಕಲಿ: ಮಾಳಿಗೆ ಅಂಚಿನ ದೋಣಿ ಕಸ ಕಟ್ಟಿದೆಯೇ, ಕೆಳಗಿಳಿಯುವ ಪೈಪು ಸೋರುತ್ತದೆಯೇ, ಚಿಮಣಿಯ ನೆತ್ತಿ ಬಿರುಕು ಬಿಟ್ಟಿದೆಯೇ. ಮೆಟ್ಟಿಲ ಮೇಲಿನ ಮಂಜು ಕರಗಿಸಲು ಅಲ್ಲಿ ಉಪ್ಪು ಎರಚುತ್ತಾರೆ, ಅದು ಗೋಡೆ ಬುಡಕ್ಕೆ ತಾಕದಿರಲಿ. ನೀರು ತಡೆಯುವ ಪಾರದರ್ಶಕ ಬಣ್ಣ ಬಳಿಯುತ್ತೇವೆ ಎಂದು ಬರುವವರನ್ನು ಬಾಗಿಲಲ್ಲೇ ಕಳಿಸಲಿ. ಅದು ಒಳಗಿನ ನೀರನ್ನು ಒಳಗೇ ಕೂಡಿಹಾಕುತ್ತದೆ.

ಎಲ್ಲ ಸಂದೂ ಕೊರೆಯುವ ಅಗತ್ಯವೂ ಕಾಣುವುದಿಲ್ಲ. ಕಾಲಿಂಚಿಗಿಂತ ಆಳ ಸವೆದಿರುವಲ್ಲಿ, ಪುಡಿ ಉದುರುವಲ್ಲಿ ಮಾತ್ರ ಸಾಕು. ಕಾಂಟ್ರಾಕ್ಟರನಿಗೆ ಹಿತ್ತಲ ಗೋಡೆಯಲ್ಲಿ ಮೂರಡಿ ಚೌಕ ತೋರಿಸಿ, ‘ಇಲ್ಲಿ ಮಾಡಿ ತೋರಿಸಿ, ಒಣಗಲಿ, ಆಮೇಲೆ ಮಾತಾಡೋಣ’ ಎನ್ನಲಿ. ಒಪ್ಪದಿದ್ದರೆ ಬೇರೆಯವರು ಸಿಗುತ್ತಾರೆ.

ಪ್ರಶ್ನೆ: ನಮ್ಮದು ಭತ್ತದ ಗದ್ದೆಯ ಪಕ್ಕದ ಹಳೇ ಇಟ್ಟಂಗಿ ಮನೆ. ಬುಡದಿಂದ ಮೂರಡಿಯವರೆಗೆ ಬಿಳಿ ಪುಡಿ ಏಳುತ್ತದೆ. ಎರಡು ಸಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು, ಎರಡು ಸಲವೂ ಉಬ್ಬಿ ಬಿತ್ತು. ಈಗ ನಾಲ್ಕಡಿಗೆ ಏರಿದೆ.
– ರೈತ, ಸಿಂಧನೂರು ತಾಲೂಕು

ಉತ್ತರ: ಅಣ್ಣಾರೆ, ಮೇಲಿನ ಉತ್ತರ ಓದಿ, ಕಾಯಿಲೆ ಒಂದೇ. ಅಲ್ಲಿ ಮಂಜುಗಡ್ಡೆ ಮಾಡುವುದನ್ನು ನಿಮ್ಮಲ್ಲಿ ಸವಳು ಮಾಡುತ್ತಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಭತ್ತಕ್ಕೆ ನಿಂತ ನೀರು ಎಷ್ಟು ಹೊಲ ಸವಳಾಗಿಸಿತು ಎಂದು ನಿಮಗೆ ನಾನು ಹೇಳಬೇಕಿಲ್ಲ. ಅದೇ ಉಪ್ಪು ನೀರು ಗೋಡೆಯೇರುತ್ತದೆ, ನೀರು ಆರಿದಲ್ಲಿ ಉಪ್ಪು ಹರಳುಗಟ್ಟುತ್ತದೆ, ಹರಳು ಇಟ್ಟಂಗಿಯನ್ನು ಒಳಗಿಂದ ಒಡೆಯುತ್ತದೆ. ಸಿಮೆಂಟ್ ಹಾಕಿ ಆರುವ ಜಾಗ ಮುಚ್ಚಿದಿರಿ, ತೇವ ಇನ್ನೂ ಮೇಲೆ ಜಾಗ ಹುಡುಕಿತು. ಮೂರಡಿ ನಾಲ್ಕಾದದ್ದು ಹೀಗೆ.

ಪ್ಲಾಸ್ಟರನ್ನು ತೇವದ ಗೀಟಿಗಿಂತ ಒಂದಡಿ ಮೇಲಿನವರೆಗೂ ಕೆಡವಿ. ಬಿಳಿ ಪುಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಿ, ಗುಡಿಸಿ ದೂರ ಚೆಲ್ಲಿ. ತೊಳೆಯಬೇಡಿ, ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಗೋಡೆಯ ಸುತ್ತ ಇಳಿಜಾರು ಮಾಡಿ ನೀರು ಹೊರಕ್ಕೆ ಹರಿಯಲಿ. ಒಂದು ಬೇಸಿಗೆ ಗೋಡೆ ಬೆತ್ತಲೆ ಇರಲಿ, ನೆಂಟರು ಏನಾದರೂ ಅಂದುಕೊಳ್ಳಲಿ. ಆಮೇಲೆ ಸಂದು ಕೆರೆದು ಸುಣ್ಣ-ಸುರಕಿಯ (ಇಟ್ಟಂಗಿ ಪುಡಿಯ) ಗಾರೆ. ಕೆಲವು ವರ್ಷಕ್ಕೊಮ್ಮೆ ಅದನ್ನೂ ಬದಲಿಸಬೇಕಾದೀತು. ನೀರಿನ ದಾರಿ ತಪ್ಪಿಸುವ ಮೊದಲು ಗೋಡೆಗೆ ಔಷಧ ಚುಚ್ಚುವವರಿಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ಸುಣ್ಣದ ಗಾರೆ ಎನ್ನುತ್ತೀರಿ. ಗಾರೆ ಅರೆಯುವ ಗಾಣ ಈಗೆಲ್ಲಿದೆ? ಅಂಗಡಿಯ ಸುಣ್ಣದ ಪುಡಿ ನಡೆಯುತ್ತದೆಯೇ? ನಮ್ಮ ಎಂಜಿನಿಯರ್ ಸುಣ್ಣಕ್ಕೆ ಬಲವಿಲ್ಲ ಎಂದು ನಗುತ್ತಾರೆ.
– ಓದುಗ, ಕೊಪ್ಪಳ

ಉತ್ತರ: ಎಂಜಿನಿಯರನ್ನು ಬೈಕಿನಲ್ಲಿ ಕೂರಿಸಿಕೊಂಡು ನಿಮ್ಮದೇ ಜಿಲ್ಲೆಯ ಮುನಿರಾಬಾದಿಗೆ ಹೋಗಿ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ ಕಲ್ಲುಕಟ್ಟಡ ಸುರಕಿ ಗಾರೆಯದು. ನೋಡಿ ನಗಲಿ.

ಪುಡಿಯ ವಿಷಯ: ಬಾಯಿ ಬಿಚ್ಚಿಟ್ಟ ಹಳೇ ಚೀಲ ಬೇಡ, ಗಾಳಿಗೆ ಅದು ಸತ್ತು ಸೀಮೆಸುಣ್ಣವಾಗಿರುತ್ತದೆ. ಹೆಂಟೆ ಸುಣ್ಣ, ಅಂದರೆ ನೀರು ತಾಕದ ಸುಟ್ಟ ಸುಣ್ಣದ ಗಟ್ಟಿ, ಸಿಕ್ಕರೆ ತನ್ನಿ. ನೀರಿಗೆ ಹಾಕಿದ ಕೂಡಲೇ ಸುಯ್ಯೆಂದು ಕುದಿದರೆ ಜೀವವಿದೆ. ಕಣ್ಣು ಜೋಪಾನ, ಮಕ್ಕಳು ಹತ್ತಿರ ಬಾರದಿರಲಿ. ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ, ಗುಂಡಿಯಲ್ಲಿ ವಾರಗಟ್ಟಲೆ ಕೊಳೆಸಿ. ಗಾಣವಿಲ್ಲದಿದ್ದರೆ ಸಣ್ಣ ಕೆಲಸಕ್ಕೆ ಒನಕೆಯಿಂದ ಕುಟ್ಟಿದರೂ ಆದೀತು, ತೋಳು ಗಟ್ಟಿ ಇರುವ ಆಳು ಬೇಕು. ಸುರಕಿಗೆ ಚೆನ್ನಾಗಿ ಬೆಂದ ಆದರೆ ಕರಕಾಗದ ಇಟ್ಟಂಗಿಯ ಪುಡಿ ಆರಿಸಿ. ಬೆಲ್ಲ, ಅಳಲೆಕಾಯಿ ನೀರು ಬೆರೆಸುವುದು ಹಿರಿಯರ ಪದ್ಧತಿ. ಮಾಡಿದರೆ ಸರಿ, ಆದರೆ ಕೊಳೆಯದ ಸುಣ್ಣವನ್ನು ಬೆಲ್ಲ ಉಳಿಸುವುದಿಲ್ಲ.

ಪ್ರಶ್ನೆ: ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ, ಮನೆಯವರೆಲ್ಲ ಊರಿಗೆ ಹೋಗುತ್ತೇವೆ. ಆಗ ಸಂದು ತುಂಬಿಸಿಬಿಡಲೇ?
– ಗೃಹಿಣಿ, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಬೇಡಮ್ಮ. 40 ಡಿಗ್ರಿ ಬಿಸಿಲಲ್ಲಿ ಬಿಸಿ ಇಟ್ಟಂಗಿ ಗಾರೆಯ ನೀರನ್ನು ನಿಮಿಷದಲ್ಲಿ ಕುಡಿದುಬಿಡುತ್ತದೆ, ಗಾರೆ ಕಟ್ಟಿಕೊಳ್ಳುವ ಮೊದಲೇ ಒಣಗಿ ಬಿರಿಯುತ್ತದೆ. ದೀಪಾವಳಿ ಕಳೆದ ಮೇಲೆ ಹಿಡಿಯಿರಿ. ಬಿಸಿಲು ಬೀಳುವ ಗೋಡೆಯನ್ನು ಮಧ್ಯಾಹ್ನ ಬಿಟ್ಟು ನೆರಳು ಬಂದಾಗ ಮಾಡಲಿ, ವಾರವಿಡೀ ಒದ್ದೆ ಗೋಣಿಚೀಲ ಇಳಿಬಿಟ್ಟು ದಿನಕ್ಕೆರಡು ಮೂರು ಸಲ ನೀರು ಚಿಮುಕಿಸಬೇಕು. ಮನೆಯಲ್ಲಿ ಯಾರಾದರೂ ಇರಲೇಬೇಕು, ಗೌಂಡಿ ಹೋದ ಮೇಲೆ ಆ ನೀರು ಹಾಕುವವರು ನೀವೇ.