ಅಜ್ಜಿಯ ಕೊಪ್ಪ ಯಾವುದೆಂದು ಮೊದಲು ತಿಳಿದುಕೊಳ್ಳಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹುಟ್ಟಿ ಬೆಳೆದದ್ದು ಪುಣೆಯಲ್ಲಿ, ತಾಯಿಯ ತಾಯಿ ಉತ್ತರ ಕನ್ನಡದ ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಮನೆಯವರು, ಅವರು ತೀರಿಕೊಂಡ ಮೇಲೆ ನಿಮಗೆ ಈ ಬೇರಿನ ಹಂಬಲ ಹತ್ತಿದೆ. ಹಾಲಕ್ಕಿಗಳ ಅಧ್ಯಾತ್ಮ ಮತ್ತು ಪರಿಸರ ಜ್ಞಾನವನ್ನು ಕಲಿಯಲು ಯಾವ ಪುಸ್ತಕ ಓದಬೇಕು, ಯಾವ ಹಿರಿಯರ ಬಳಿ ಹೋಗಬೇಕು, ಶಿಬಿರಗಳೇನಾದರೂ ನಡೆಯುತ್ತವೆಯೇ ಎಂದು ಕೇಳಿದ್ದೀರಿ.

ಶಿಬಿರಕ್ಕೆ ಹೋಗಬೇಡಿ. ಗೋಕರ್ಣದ ಸುತ್ತಮುತ್ತ ಕಣ್ಣು ಮುಚ್ಚಿ ಕುಳಿತುಕೊಳ್ಳಲು ದುಡ್ಡು ತೆಗೆದುಕೊಳ್ಳುವ ಜಾಗಗಳಿಗೆ ಕೊರತೆಯಿಲ್ಲ. ಅಲ್ಲಿ ನಿಮ್ಮ ಅಜ್ಜಿಯ ಕಡೆಯವರು ಸಿಗುವುದು ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವಲ್ಲಿ.

ನಾನೂ ಹಾಲಕ್ಕಿಯೇ. ಈಗ ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ನೌಕರಿ ಸಿಕ್ಕಿದ ಅಪ್ಪ ಅಂಕೋಲಾ ತಾಲ್ಲೂಕಿನ ನಮ್ಮ ಕೊಪ್ಪವನ್ನು (ನಮ್ಮ ಕೇರಿಗಳಿಗೆ ಕೊಪ್ಪ ಎನ್ನುತ್ತೇವೆ) ಬಿಟ್ಟು ಹುಬ್ಬಳ್ಳಿಗೆ ಹೋದರು. ನಾನು ಬೆಳೆದದ್ದು ಅಲ್ಲಿ. ನಮ್ಮ ಹೆಸರಿನ ಕೊನೆಗೆ ‘ಗೌಡ’ ಇರುತ್ತದಲ್ಲ, ಹುಬ್ಬಳ್ಳಿಯಲ್ಲಿ ಅದನ್ನು ಕೇಳಿದವರು ನನ್ನನ್ನು ಊರಗೌಡರ ಮನೆಯವನೆಂದುಕೊಂಡರು, ಮುಂದೆ ಬೆಂಗಳೂರಿಗೆ ಹೋದಾಗ ಮಂಡ್ಯದ ಕಡೆಯವನೆಂದುಕೊಂಡರು. ಎರಡೂ ಕಡೆ ನನ್ನದಲ್ಲದ ಮರ್ಯಾದೆ ಸಿಕ್ಕಿತು. ನಾನು ತಿದ್ದಲು ಹೋಗಲಿಲ್ಲ. ಒಮ್ಮೆ ಅಜ್ಜಿ ಹುಬ್ಬಳ್ಳಿಗೆ ಬಂದಿದ್ದರು. ಕೊರಳು ತುಂಬ ಮಣಿಸರ, ರವಿಕೆಯಿಲ್ಲದೆ ಸುತ್ತಿದ ಸೀರೆ. ಸಂಜೆ ಗೆಳೆಯರು ಬರುವವರಿದ್ದರು. ನಾನು ಅಮ್ಮನ ಹಳೆಯ ಶಾಲು ತಂದು ಅಜ್ಜಿಯ ಮೈಮೇಲೆ ಹೊದೆಸಿದೆ. ಸೆಕೆಗಾಲ. ಅಜ್ಜಿ ಏನೂ ಹೇಳದೆ ಹೊದ್ದು ಕುಳಿತರು. ಬೇರಿನ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಶಾಲು.

ಅಪ್ಪ ತೀರಿಕೊಂಡ ಮೇಲೆ ನನಗೂ ನಿಮ್ಮಂತೆಯೇ ಆಯಿತು. ಕಾರವಾರಕ್ಕೆ ವರ್ಗ ಮಾಡಿಸಿಕೊಂಡೆ. ಒಂದು ಭಾನುವಾರ ನೋಟ್‌ಪುಸ್ತಕ, ಪೆನ್ನು ಹಿಡಿದು ಕೊಪ್ಪಕ್ಕೆ ಹೋಗಿ, ದೊಡ್ಡಪ್ಪನನ್ನು ಜಗಲಿಯಲ್ಲಿ ಕೂರಿಸಿ, ಪ್ರಕೃತಿಯ ಬಗ್ಗೆ ನಮ್ಮ ಹಿರಿಯರ ನಂಬಿಕೆ ಏನು ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪ್ರಕೃತಿ ಎಂದರೆ ಮೈಯ ಆರೋಗ್ಯ ಎಂದು ತಿಳಿದು, ಮೊಣಕಾಲು ನೋವಿನ ಕಥೆ ಹೇಳಿದರು. ಆಮೇಲೆ, ಬಂದವನು ಸುಮ್ಮನೆ ಕೂರುವುದೇಕೆ, ಬೆಟ್ಟದಲ್ಲಿ ದರಕು ಗುಡಿಸಿಟ್ಟಿದ್ದೇನೆ, ಹೊತ್ತು ತಾ ಎಂದರು. ಒಣ ಎಲೆಯ ಹೊರೆಗೆ ಭಾರವಿರುವುದಿಲ್ಲ ಎಂದುಕೊಂಡಿದ್ದೆ. ಮೂರನೆಯ ಹೊರೆಗೆ ಕುತ್ತಿಗೆ ಹಿಡಿಯಿತು. ಆದರೆ ಆ ಮೂರು ಹೊರೆಗಳ ನಡುವೆ ಕಿಂದಳ, ಮತ್ತಿ, ಹೊನ್ನೆ, ನಂದಿ ಯಾವುದು ಯಾವುದೆಂದು ಗೊತ್ತಾಯಿತು. ಯಾವುದರ ಎಲೆ ಕೊಟ್ಟಿಗೆಗೆ ಒಳ್ಳೆಯದು, ಯಾವುದು ಗದ್ದೆಯಲ್ಲಿ ಬೇಗ ಕೊಳೆಯುವುದಿಲ್ಲ, ಉಪ್ಪಾಗೆ ಹಣ್ಣಿಗೆ ಯಾವಾಗ ಬರಬೇಕು, ಮುರುಗಲಿಗೆ ಯಾವಾಗ ಎಂಬುದೂ ಬಂತು. ನೋಟ್‌ಪುಸ್ತಕ ಜಗಲಿಯ ಮೇಲೆಯೇ ಉಳಿದಿತ್ತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೆಚ್ಚು ಕಡಿಮೆ ಇಷ್ಟೇ: ಜ್ಞಾನ ಕೇಳಲು ಹೋಗಬೇಡಿ, ಕೆಲಸವಿರುವಾಗ ಒಂದು ಕೈಯಾಗಿ ಹೋಗಿ. ಆದರೆ ಅಧ್ಯಾತ್ಮದ ಬಗ್ಗೆಯೂ ಕೇಳಿದ್ದೀರಿ, ಅಲ್ಲಿ ನಾನೇ ಎಡವಿದ್ದೇನೆ. ಅದನ್ನು ಹೇಳದೆ ಹೋದರೆ ಸರಿಯಾಗುವುದಿಲ್ಲ.

ನಮ್ಮ ಕೊಪ್ಪದ ಮೇಲ್ಬದಿಯಲ್ಲಿ ಅರ್ಧ ಎಕರೆಯಷ್ಟು ಹಾಡಿ, ಅಂದರೆ ಮರಗಳ ತೋಪು, ಇತ್ತು. ನಡುವೆ ಒಂದು ಕಲ್ಲು, ಅದು ಜಟಗ ದೇವರು. ಉತ್ತರ ಕನ್ನಡದ ಕರಾವಳಿಯಲ್ಲಿ ಇಂಥವರು ಊರಿಗೆ ನಾಲ್ಕೈದು ಜನ ಇರುತ್ತಾರೆ: ಜಟಗ, ಬೀರ, ಮಾಸ್ತಿ, ಚೌಡಿ, ಹುಲಿದೇವರು. ಚಾವಣಿಯಿಲ್ಲ, ಪೂಜಾರಿಯಿಲ್ಲ, ವರ್ಷಕ್ಕೊಮ್ಮೆ ಕೋಳಿ. ದೊಡ್ಡಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಹೇಳಿದ್ದು ಎರಡೇ ಮಾತು. ಚಪ್ಪಲಿ ಹೊರಗೆ ಬಿಡು. ಇಲ್ಲಿ ಬಿದ್ದ ಒಣ ಕಡ್ಡಿಯನ್ನೂ ಮನೆಗೆ ಒಯ್ಯಬೇಡ. ಹಾಡಿಯ ಕೆಳಗೆ ಒಂದು ಒರತೆ, ಅದರಿಂದ ಒಂದು ಕೆರೆ, ಕೆರೆಯ ಕೆಳಗೆ ನಮ್ಮೆಲ್ಲರ ಗದ್ದೆ. ನಾನು ಓದಿದವನಲ್ಲವೇ, ಕೂಡಲೇ ಹೇಳಿದೆ: ‘ಓಹೋ, ನೀರು ಉಳಿಯಲಿ ಎಂದು ಹಿರಿಯರು ದೇವರ ಹೆಸರಿನಲ್ಲಿ ಕಾಡು ಉಳಿಸಿದ್ದಾರೆ.’ ದೊಡ್ಡಪ್ಪನಿಗೆ ಸಿಟ್ಟು ಬಂತು. ‘ನೀರಿಗೆಂದು ಯಾರು ಹೇಳಿದರು? ಅದು ಅವನ ಜಾಗ. ಅವನಿಗಿಂತ ಆಮೇಲೆ ಬಂದವರು ನಾವು.’

ಆ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳಲು ನನಗೆ ವರ್ಷಗಳೇ ಬೇಕಾದವು. ಪರಿಸರ ಜ್ಞಾನ ಎಂದು ನಾವು ಕರೆದ ತಕ್ಷಣ ಜಟಗ ನೀರಿನ ಕಾವಲುಗಾರನಾಗಿ ಕೆಲಸಕ್ಕೆ ಸೇರಿಬಿಡುತ್ತಾನೆ. ನೀರು ನಲ್ಲಿಯಲ್ಲಿ ಬಂದ ದಿನ ಅವನ ನೌಕರಿ ಹೋಗುತ್ತದೆ. ದೊಡ್ಡಪ್ಪನ ಲೆಕ್ಕದಲ್ಲಿ ಅವನು ಯಾರ ಕೆಲಸಕ್ಕೂ ಇಲ್ಲ. ಇರುವುದಕ್ಕೆ ಇದ್ದಾನೆ.

ಹೊನ್ನಾವರದ ಹತ್ತಿರ ಕರಿಕಾನಮ್ಮನ ಗುಡ್ಡಕ್ಕೆ ಹೋದರೆ ಇಂಥ ಕಾನು (ದಟ್ಟ ಕಾಡು) ದೊಡ್ಡ ಪ್ರಮಾಣದಲ್ಲಿ ಹೇಗಿರುತ್ತದೆ ಎಂದು ಕಾಣುತ್ತದೆ. ಸುತ್ತಲಿನ ಗುಡ್ಡಗಳು ಬೋಳಾಗಿದ್ದರೂ ದೇವಿಯ ಮಗ್ಗುಲಲ್ಲಿ ಡಿಪ್ಟೆರೋಕಾರ್ಪಸ್ ಜಾತಿಯ ಮುಗಿಲೆತ್ತರದ ಮರಗಳು ಉಳಿದಿವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಜಡ್ಡಿ ಎಂದರೆ ವರ್ಷವಿಡೀ ನೀರು ನಿಲ್ಲುವ ಕೆಸರು ನೆಲ. ಅಲ್ಲಿನ ಮರಗಳ ಬೇರು ಮಂಡಿ ಮಡಚಿದಂತೆ ಕೆಸರಿನಿಂದ ಮೇಲೆದ್ದು ಉಸಿರಾಡುತ್ತದೆ. ಹೆಸರು ಕತ್ತಲೆಕಾನು, ಮಧ್ಯಾಹ್ನ ಹೋದರೂ ಹೆಸರಿಗೆ ಮೋಸವಿಲ್ಲ.

ನಮ್ಮ ಹಾಡಿಗೆ ಏನಾಯಿತೆಂದು ಹೇಳುತ್ತಿದ್ದೆ. ಮುಂಬಯಿಗೆ, ಗೋವಾಕ್ಕೆ ದುಡಿಯಲು ಹೋದ ಹುಡುಗರ ಕೈಯಲ್ಲಿ ಒಂದಿಷ್ಟು ಹಣ ಓಡಾಡತೊಡಗಿತು. ದೇವರು ಮಳೆಯಲ್ಲಿ ನೆನೆಯುತ್ತಾನೆ, ನಮ್ಮ ಮನೆಗಳಿಗೆಲ್ಲ ಸ್ಲ್ಯಾಬು ಬಿದ್ದಿದೆ, ಅವನಿಗೊಂದು ಗುಡಿ ಬೇಡವೇ ಎಂದರು. ವಂತಿಗೆ ಪುಸ್ತಕ ಕಾರವಾರಕ್ಕೂ ಬಂತು. ಬೇರು ಹುಡುಕುತ್ತಿದ್ದ ನಾನು ಐದು ಸಾವಿರ ರೂಪಾಯಿ ಕೊಟ್ಟೆ, ಭಕ್ತಿಯಿಂದಲೇ ಕೊಟ್ಟೆ. ಪಾಯ ತೆಗೆಯಲು ಎರಡು ರಂಜಲು ಮರ, ಒಂದು ಸುರಗಿ ಹೋದವು. ಸುತ್ತ ಕಾಂಕ್ರೀಟ್ ಅಂಗಳ ಬಂತು, ಎಲೆ ಬಿದ್ದು ಗಲೀಜಾಗುತ್ತದೆಂದು ಇನ್ನೂ ನಾಲ್ಕು ಮರಗಳ ಕೊಂಬೆಗಳಿಗೆ ಕತ್ತಿ ಬಿತ್ತು. ಜಟಗ ‘ಶ್ರೀ ಜಟಗೇಶ್ವರ’ನಾದ. ಕೋಳಿ ನಿಂತು ಪಂಚಾಮೃತ ಶುರುವಾಯಿತು. ದಾನಿಗಳ ಗ್ರಾನೈಟ್ ಕಲ್ಲಿನಲ್ಲಿ ಏಳನೆಯ ಸಾಲಿನಲ್ಲಿ ನನ್ನ ಹೆಸರಿದೆ, ಅದೂ ತಪ್ಪು ಇನಿಷಿಯಲ್‌ನೊಂದಿಗೆ. ಮಾರ್ಚ್ ಮುಗಿಯುವವರೆಗೂ ಇರುತ್ತಿದ್ದ ಒರತೆ ಈಗ ಸಂಕ್ರಾಂತಿಯ ಹೊತ್ತಿಗೆ ಸೊರಗುತ್ತದೆ. ಮರ ಕಡಿದದ್ದಕ್ಕೇ ಹೀಗಾಯಿತು ಎಂದು ಆಣೆ ಮಾಡಿ ಹೇಳಲಾರೆ, ಪಕ್ಕದಲ್ಲೇ ಎರಡು ಕೊಳವೆ ಬಾವಿಗಳೂ ಬಂದಿವೆ. ದೊಡ್ಡಪ್ಪ ಮಾತ್ರ ಗುಡಿಯೊಳಗೆ ಹೋಗುವುದಿಲ್ಲ. ಹಿಂಬದಿಯಲ್ಲಿ ಉಳಿದಿರುವ ಮರಗಳ ಬುಡದಲ್ಲಿ ನಿಂತು ಕೈ ಮುಗಿದು ಬರುತ್ತಾರೆ.

ಆದ್ದರಿಂದ ನಮ್ಮವರೆಲ್ಲ ಕಾಡಿನ ಋಷಿಗಳು ಎಂಬ ಕಲ್ಪನೆಯನ್ನು ಪುಣೆಯಲ್ಲೇ ಬಿಟ್ಟು ಬನ್ನಿ. ನಮ್ಮ ಹಿರಿಯರು ಬೇಟೆಯಾಡಿದವರು, ಈ ಜಿಲ್ಲೆಯ ಗುಡ್ಡಗಳಲ್ಲಿ ಕಾಡು ಸುಟ್ಟು ಕುಮರಿ ಬೇಸಾಯ ಮಾಡಿದವರು. ಸುಗ್ಗಿಯಲ್ಲಿ ನಾವು ಬಾರಿಸುವ ಗುಮಟೆಗೆ ಮೊದಲು ಉಡದ ಚರ್ಮವನ್ನೇ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ನಂತರ ಅದು ಅಪರಾಧ, ಈಗ ಆಡಿನ ಚರ್ಮ. ಹಳಬರು ನಾದ ಸರಿಯಿಲ್ಲ ಎಂದು ಗೊಣಗುತ್ತಾರೆ. ಕುಮರಿಯನ್ನು ಬ್ರಿಟಿಷರು ನಿರ್ಬಂಧಿಸಿದ್ದು ಕಾಡಿನ ಮೇಲಿನ ಪ್ರೀತಿಗಲ್ಲ, ತೇಗಕ್ಕಾಗಿ. ಅದು ಬೇರೆ ಕಥೆ, ಇಲ್ಲಿ ಬೇಡ.

ಪುಸ್ತಕ ಕೇಳಿದ್ದೀರಿ. 1883ರಲ್ಲಿ ಬ್ರಿಟಿಷರು ಮಾಡಿಸಿದ ಕೆನರಾ ಜಿಲ್ಲೆಯ ಗ್ಯಾಸೆಟಿಯರ್‌ನಲ್ಲಿ ನಮ್ಮ ಬಗ್ಗೆ ಪುಟಗಳಿವೆ. ಓದಿ, ಆದರೆ ನಮ್ಮನ್ನು ತೂಕ ಹಾಕಿ ಬರೆದದ್ದೆಂಬುದು ನೆನಪಿರಲಿ. ನಿಜವಾದ ಎರಡು ಪುಸ್ತಕಗಳು ಈಗ ಮುಚ್ಚಿಹೋಗಿವೆ. ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಬಡಗೇರಿಯ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ. ಇಬ್ಬರೂ ಅಂಕೋಲಾ ತಾಲ್ಲೂಕಿನವರು, ಇಬ್ಬರಿಗೂ ಪದ್ಮಶ್ರೀ, ಇಬ್ಬರಿಗೂ ಶಾಲೆಯಿಲ್ಲ. ಸುಕ್ರಜ್ಜಿಯ ಬಾಯಲ್ಲಿ ನಟ್ಟಿಯ ಹಾಡು, ಮದುವೆಯ ಹಾಡು ನೂರಾರು ಇದ್ದವು. ಅದೇ ಬಾಯಿ ಸಾರಾಯಿ ಅಂಗಡಿಗಳ ವಿರುದ್ಧವೂ ಗಟ್ಟಿಯಾಗಿ ಮಾತಾಡಿತು. ತುಳಸಜ್ಜಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದವರು. ಎಷ್ಟು ಮರ ನೆಟ್ಟರು ಎಂದು ಪತ್ರಿಕೆಯವರು ಕೇಳುತ್ತಿದ್ದರು. ನನಗೆ ಆ ಲೆಕ್ಕಕ್ಕಿಂತ ದೊಡ್ಡದಾಗಿ ಕಾಣುವುದು ತಾಯಿಮರವನ್ನು ಗುರುತಿಸುವ ಅವರ ಕಣ್ಣು. ಕಾಡಿನಲ್ಲಿ ಒಂದೇ ಜಾತಿಯ ಹತ್ತಾರು ಮರಗಳಿರುತ್ತವೆ, ಬೀಜ ಯಾವುದರಿಂದ ತರಬೇಕು, ಯಾವ ವಾರ ತರಬೇಕು ಎಂಬುದು ಆ ಕಣ್ಣಿಗೆ ಗೊತ್ತಿತ್ತು. ಬೇಗ ಹೋದರೆ ಬೀಜ ಬಲಿತಿರುವುದಿಲ್ಲ, ತಡವಾದರೆ ಹುಳ ಹಿಡಿದಿರುತ್ತದೆ. ಇಂಥದ್ದನ್ನು ಪಕ್ಕದಲ್ಲಿ ಹತ್ತು ಮಳೆಗಾಲ ನಡೆದು ಕಲಿಯಬೇಕು, ಭಾಷಣದಲ್ಲಿ ಬರುವುದಿಲ್ಲ.

ಕೈಕೆಲಸ ಮತ್ತು ನಂಬಿಕೆ ಹೇಗೆ ಹೆಣೆದುಕೊಂಡಿರುತ್ತವೆ ಎಂದು ನೋಡಬೇಕಿದ್ದರೆ ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ಗಜನಿಗೆ ಮಳೆಗಾಲದಲ್ಲಿ ಹೋಗಿ. ಅಘನಾಶಿನಿಯ ಉಪ್ಪುನೀರು ನುಗ್ಗುವ ಗದ್ದೆಗಳು ಅವು. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಗೊಬ್ಬರವಿಲ್ಲ, ಔಷಧವಿಲ್ಲ, ಉಪ್ಪನ್ನೂ ನೆರೆಯನ್ನೂ ತಡೆದುಕೊಂಡು ನಿಲ್ಲುತ್ತದೆ. ಕೊಯ್ಲಾದ ಮೇಲೆ ಉಳಿದ ಕೂಳೆ ಕೊಳೆತು ಸಿಗಡಿ, ಮೀನಿಗೆ ಮೇವು. ಕಟ್ಟೆ ಒಡೆದರೆ ಎಲ್ಲರ ಗದ್ದೆಯೂ ಹಾಳು, ಹಾಗಾಗಿ ಒಬ್ಬನೇ ಮಾಡುವ ಬೇಸಾಯವಲ್ಲ. ಅಕ್ಕಿ ಕೆಂಪಗೆ ದಪ್ಪಗಿರುತ್ತದೆ, ಗಂಜಿಗೆ ಅದನ್ನು ಮೀರಿಸಿದ್ದಿಲ್ಲ. (ಇದರಲ್ಲಿ ನನಗೆ ಪಕ್ಷಪಾತವಿದೆ.)

ಇನ್ನು ನಿಮ್ಮ ಅಜ್ಜಿಯ ವಿಷಯ. ಅಂಕೋಲಾ ಕಡೆ ಎಂದರೆ ಏನೂ ಹೇಳಿದಂತಾಗಲಿಲ್ಲ. ಹಲವು ಕೊಪ್ಪಗಳು ಸೇರಿ ಒಂದು ಸೀಮೆ. ಪ್ರತಿ ಕೊಪ್ಪಕ್ಕೂ ಗೌಡ, ಬುದವಂತ, ಕೋಲಕಾರ ಎಂಬ ಮೂವರು ಇರುತ್ತಿದ್ದರು, ಬಹಳ ಕಡೆ ಈಗಲೂ ಇದ್ದಾರೆ. ಗೌಡನಿಗೆ ಹಿರಿತನ, ಬುದವಂತನಿಗೆ ನ್ಯಾಯ ಪಂಚಾಯಿತಿಕೆ, ಕೋಲಕಾರನಿಗೆ ಸುದ್ದಿ ಮುಟ್ಟಿಸುವ ಕೆಲಸ. ಕೊಪ್ಪದ ಹೆಸರು ಗೊತ್ತಾದರೆ ಈ ಮೂವರಲ್ಲಿ ಒಬ್ಬರ ಮನೆ ಸಿಗುತ್ತದೆ. ಆ ಮನೆಯ ಅಂಗಳದ ತುಳಸಿಕಟ್ಟೆಯ ಮುಂದೆ ನಿಂತು ಅಜ್ಜಿಯ ಹೆಸರು, ಅಜ್ಜಿಯ ಅಪ್ಪನ ಹೆಸರು ಹೇಳಿದರೆ ಸಾಕು. ನಿಮ್ಮ ತಾಯಿಯಿಂದ ಈ ಎರಡು ಹೆಸರುಗಳನ್ನು ಇವತ್ತೇ ಬರೆಸಿಕೊಳ್ಳಿ. ಅಜ್ಜಿ ಯಾವ ಸಂತೆಗೆ ತರಕಾರಿ ಹೊರುತ್ತಿದ್ದರು ಎಂಬುದು ನೆನಪಿದ್ದರೆ ಅದೂ ಸುಳಿವೇ. ನಮ್ಮ ಹೆಂಗಸರು ನಡೆದು ಹೋಗುವಷ್ಟು ದೂರದ ಪೇಟೆಗೇ ಬುಟ್ಟಿ ಒಯ್ಯುತ್ತಿದ್ದರು.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ. ಆ ಕೊಪ್ಪವೇ ಇಲ್ಲದಿರಬಹುದು. ಕಾರವಾರ ದಾಟಿ ಬಿಣಗಾ, ಅರಗಾ ಕಡೆಯಿಂದ ಅಂಕೋಲಾಕ್ಕೆ ಬರುವಾಗ ಹೆದ್ದಾರಿಯ ಸಮುದ್ರದ ಬದಿಗೆ ಉದ್ದಕ್ಕೂ ಒಂದು ಗೋಡೆ ಸಿಗುತ್ತದೆ. ಅದು ಸೀಬರ್ಡ್ ಯೋಜನೆಯ ನೌಕಾನೆಲೆ, 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಎಂದು ಕಾರ್ಯಾರಂಭವಾಯಿತು. ಗೋಡೆಯ ಒಳಗೆ ಊರುಗಳಿದ್ದವು. ಗದ್ದೆ, ಹಾಡಿ, ಕಲ್ಲಿನ ದೇವರುಗಳಿದ್ದರು. ಜನ ಪುನರ್ವಸತಿ ಕಾಲೊನಿಗಳಲ್ಲಿದ್ದಾರೆ. ದೇವರುಗಳಲ್ಲಿ ಕೆಲವರನ್ನು ಕೂಡ ಕರೆತಂದರು, ಮರಗಳನ್ನು ತರಲಾಗಲಿಲ್ಲ. ಗೋಡೆಯ ಹೊರಗಿರುವವರಲ್ಲಿಯೂ ಅನೇಕರು ಅರಣ್ಯ ಭೂಮಿಯ ಪಟ್ಟಾಕ್ಕಾಗಿ ಅಲೆಯುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದ ಪುರಾವೆ ತೋರಿಸಬೇಕು. ಈ ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪಂಗಡದ ಸ್ಥಾನ ಸಿಕ್ಕಿತು. ಹಾಲಕ್ಕಿಗಳ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ. ನೀವು ಓದಿದವರು, ಅರ್ಜಿ ಬರೆಯಬಲ್ಲವರು; ಕೊಪ್ಪಕ್ಕೆ ಬಂದಾಗ ಯಾರಾದರೂ ಹಳದಿ ಕಾಗದಗಳ ಕಟ್ಟು ತಂದು ಮುಂದಿಟ್ಟರೆ ಬೇಸರಪಡದೆ ಓದಿ ಹೇಳಿ. ನನ್ನನ್ನು ಅವರು ನಿಜವಾಗಿ ಮನೆಯವನೆಂದು ಕಂಡದ್ದು ದರಕು ಹೊತ್ತ ದಿನವಲ್ಲ, ಅಂಥ ಒಂದು ಕಟ್ಟನ್ನು ರಾತ್ರಿ ಹನ್ನೊಂದರವರೆಗೆ ಓದಿದ ದಿನ.

ಬರುವುದಾದರೆ ಜೂನ್ ಕೊನೆಗೆ, ನಟ್ಟಿಯ ಹೊತ್ತಿಗೆ ಬನ್ನಿ. ಇಲ್ಲವೇ ಹೋಳಿಯ ಸುಗ್ಗಿಗೆ. ಸುಗ್ಗಿಯಲ್ಲಿ ತುರಾಯಿ ಕಟ್ಟಿದ ಕುಣಿತದವರ ಫೋಟೊ ತೆಗೆಯುವವರು ಬೇಕಾದಷ್ಟಿದ್ದಾರೆ, ನಟ್ಟಿಗೆ ಕೈಗಳೇ ಕಡಿಮೆ. ಎಲೆ ಅಡಿಕೆ ತನ್ನಿ, ಸಿಹಿ ಪೊಟ್ಟಣ ಬೇಡ, ಎಲ್ಲರಿಗೂ ಸಕ್ಕರೆ ಕಾಯಿಲೆ.

ಅಜ್ಜಿಯ ಮತ್ತು ಅವರ ಅಪ್ಪನ ಹೆಸರು ಸಿಕ್ಕಿದರೆ ನನಗೆ ಸಂದೇಶ ಕಳಿಸಿ. ದೊಡ್ಡಪ್ಪನಿಗೆ ಎಂಬತ್ತು ದಾಟಿದೆ, ಕಿವಿ ಮಂದ, ಬೆಳಿಗ್ಗೆ ತಿಂದದ್ದು ಸಂಜೆಗೆ ನೆನಪಿರುವುದಿಲ್ಲ. ಆದರೆ ಯಾವ ಕೊಪ್ಪದ ಹೆಣ್ಣನ್ನು ಯಾವ ಕೊಪ್ಪಕ್ಕೆ ಕೊಟ್ಟರು, ಆ ಮದುವೆಯ ದಿನ ಮಳೆ ಬಂದಿತ್ತೋ ಇಲ್ಲವೋ ಎಂಬುದನ್ನು ಮಾತ್ರ ಇನ್ನೂ ತಪ್ಪದೆ ಹೇಳುತ್ತಾರೆ. ಮುಂದಿನ ಭಾನುವಾರ ಹೋಗುವವನಿದ್ದೇನೆ, ಕೇಳುತ್ತೇನೆ.