ಅಂಗಳದ ಹಳೆ ಇಂಟರ್‌ಲಾಕ್ ತೆಗೆದರೆ ಎಲ್ಲಿ ಹಾಕುವುದು?

ಪ್ರಶ್ನೆ: ನಮ್ಮದು ಮಂಗಳೂರು ಕುಲಶೇಖರದಲ್ಲಿ ಹಳೆ ಮನೆ. ಅಂಗಳದ 600 ಚದರಡಿಗೆ ಇಂಟರ್‌ಲಾಕ್, ಗೇಟಿನಿಂದ ಮೆಟ್ಟಿಲವರೆಗೆ ಸುಮಾರು 200 ಚದರಡಿ ಕಾಂಕ್ರೀಟ್ ಇದೆ. ಎಲ್ಲ ತೆಗೆದು ಸ್ವಲ್ಪ ಹುಲ್ಲು, ಸ್ವಲ್ಪ ಕೆಂಪುಕಲ್ಲು ಹಾಸುವ ಆಸೆ. ಕಂಟ್ರಾಕ್ಟರ್ “ಜೆಸಿಬಿ ತಂದು ಒಂದೇ ದಿನದಲ್ಲಿ ತೆಗೀತೇನೆ, ಮಣ್ಣು ತುಂಬಿಸುವ ಜಾಗ ಗೊತ್ತಿದೆ” ಎನ್ನುತ್ತಾರೆ. ಒಪ್ಪಬಹುದಾ?

ಉತ್ತರ: ಒಪ್ಪುವ ಮೊದಲು ಒಂದು ಮಾತು ಕೇಳಿ: ಆ ಜಾಗ ಯಾವುದು? ನಮ್ಮ ಊರಲ್ಲಿ ಇದಕ್ಕೆ ಉತ್ತರ ಹೆಚ್ಚಾಗಿ ಬೈಲುಗದ್ದೆ, ತೋಡಿನ ಬದಿ, ಇಲ್ಲವೇ ಹೊಳೆಯ ದಂಡೆ. ಗುಡ್ಡದ ಮಳೆನೀರೆಲ್ಲ ಇಳಿದು ಬರುವುದು ಇದೇ ಬೈಲಿಗೆ. ಅದನ್ನು ತುಂಬಿಸಿದರೆ ನೀರು ಪಕ್ಕದವರ ಅಂಗಳ ಹುಡುಕುತ್ತದೆ. 2018ರ ಮೇ 29ರ ಮಳೆ ನೆನಪಿದೆ ಅಲ್ವಾ? ಕೊಟ್ಟಾರ ಚೌಕಿಯಂತಹ ತಗ್ಗಿನ ಕಡೆ ಮನೆಯೊಳಗೇ ನೀರು ನುಗ್ಗಿತ್ತು. ನೀರು ಹರಿಯುವ ದಾರಿ ಕಟ್ಟಿದಷ್ಟೂ ಅಂಥ ದಿನ ಜಾಸ್ತಿಯಾಗುತ್ತದೆ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯೊಳಗೆ ಕಟ್ಟಡದ ಅವಶೇಷ ಸುರಿದು ತುಂಬಿಸುವುದು ಕಾನೂನಿಗೂ ವಿರುದ್ಧ.

ಈಗ ನಿಮ್ಮ ಅಂಗಳದ ಲೆಕ್ಕ ನೋಡೋಣ. 60 ಮಿಲಿಮೀಟರ್ ದಪ್ಪದ ಇಂಟರ್‌ಲಾಕ್ ಆದರೆ ಚದರಡಿಗೆ ಸುಮಾರು 13 ಕಿಲೋ ತೂಕ. ಅಂದರೆ ಹತ್ತಿರ ಹತ್ತಿರ 8 ಟನ್. ನಾಲ್ಕು ಇಂಚಿನ ಕಾಂಕ್ರೀಟ್ ಇನ್ನೂ ನಾಲ್ಕೂವರೆ ಟನ್. ಒಟ್ಟು 12 ಟನ್ ದಾಟಿತು. ಇಷ್ಟನ್ನು ಸಾಗಿಸುವ ಬಾಡಿಗೆ ನಿಮ್ಮ ಮೇಲೆಯೇ ಬೀಳುತ್ತದೆ. ಆದರೆ ಇದರಲ್ಲಿ ಹೆಚ್ಚಿನದು ಕಸವೇ ಅಲ್ಲ.

ಅದಕ್ಕೇ ಜೆಸಿಬಿ ಬೇಡ ಎನ್ನುವುದು. ಬಕೆಟ್ ಹಾಕಿ ಗೋರಿದರೆ ಇಂಟರ್‌ಲಾಕ್ ಒಡೆಯುತ್ತದೆ, ಮಣ್ಣು, ಜಲ್ಲಿ, ಪ್ಲಾಸ್ಟಿಕ್ ಎಲ್ಲ ಕಲಸಿಹೋಗುತ್ತದೆ. ಆಮೇಲೆ ಅದು ಯಾರಿಗೂ ಬೇಡ. ಇಂಟರ್‌ಲಾಕನ್ನು ಸಿಮೆಂಟಿನಲ್ಲಿ ಅಂಟಿಸಿರುವುದಿಲ್ಲ, ಜಲ್ಲಿಹುಡಿಯ ಮೇಲೆ ಸುಮ್ನೆ ಕೂರಿಸಿರುತ್ತಾರೆ. ಅಂಚಿನ ಕಾಂಕ್ರೀಟ್ ಪಟ್ಟಿ ಒಡೆದು ಮೊದಲ ಒಂದೆರಡು ಕಲ್ಲು ಕಿತ್ತರೆ ಉಳಿದದ್ದು ಹಾರೆಯ ತುದಿಗೆ ಸಲೀಸಾಗಿ ಏಳುತ್ತದೆ. ಇಬ್ಬರು ಕೆಲಸದವರು ಸಾಕು. ಪಾಚಿಯನ್ನು ಒರಟು ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ. ಆಸಿಡ್ ಹಾಕಬೇಡಿ, ಮೇಲ್ಮೈ ತಿಂದುಹಾಕುತ್ತದೆ. ಪಾಗಾರದ ಬದಿಗೆ ಪೇರಿಸಿಟ್ಟು ನಾಲ್ಕು ಜನರಿಗೆ ಹೇಳಿ. ದನದ ಹಟ್ಟಿಯ ನೆಲಕ್ಕೆ, ತೋಟದ ದಾರಿಗೆ, ಶೆಡ್ಡಿಗೆ ಹಳೆ ಇಂಟರ್‌ಲಾಕ್ ಹುಡುಕುವವರು ಖಂಡಿತ ಸಿಗುತ್ತಾರೆ. ಅಡಿಯ ಜಲ್ಲಿಹುಡಿಯನ್ನು ಜರಡಿ ಹಿಡಿದಿಟ್ಟರೆ ಹೊಸ ಕೆಂಪುಕಲ್ಲಿನ ಅಡಿಗೆ ಅದೇ ಆಗುತ್ತದೆ.

ಕಾಂಕ್ರೀಟನ್ನು ಒಡೆಯಲೇಬೇಕು. ಮುಷ್ಟಿ ಗಾತ್ರಕ್ಕೆ ಒಡೆದು ಆರು ಇಂಚು ದಪ್ಪ ಹರಡಿದರೆ ಒಂದು ಕಾರು ನಿಲ್ಲುವ ಜಾಗಕ್ಕೆ ಬೇಕಾದಷ್ಟು ಸೋಲಿಂಗ್ (ನೆಲದ ಅಡಿಗೆ ಹಾಸುವ ಕಲ್ಲಿನ ಪದರ) ಆಯಿತು. ಹೊಸದಾಗಿ ಬೋಲ್ಡರ್ ತರಿಸುವ ಖರ್ಚು ಉಳಿಯಿತು. ಆದರೆ ಕುಡಿಯುವ ನೀರಿನ ಬಾವಿಯ ಹತ್ತಿರ, ಇಂಗುಗುಂಡಿಯೊಳಗೆ, ಮಲ್ಲಿಗೆ ಗಿಡ ಅಥವಾ ತೆಂಗಿನ ಬುಡಕ್ಕೆ ಅದನ್ನು ಹಾಕಬೇಡಿ. ಒಡೆದ ಕಾಂಕ್ರೀಟಿನಿಂದ ಸುಣ್ಣದ ಅಂಶ ಬಿಡುತ್ತಲೇ ಇರುತ್ತದೆ. ನಮ್ಮದು ಹುಳಿ ಗುಣದ ಕೆಂಪುಮಣ್ಣು. ಅದಕ್ಕೆ ಒಗ್ಗಿದ ಗಿಡಗಳಿಗೆ ಇದು ಒಳ್ಳೆಯದಲ್ಲ.

ಒಡೆಯುವ ಮೊದಲು ನೀರಿನ ಪೈಪು, ಅರ್ತಿಂಗ್ ತಂತಿ, ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎಲ್ಲಿವೆ ಎಂದು ಗುರುತು ಮಾಡಿ. ಟ್ಯಾಂಕಿನ ಮೇಲೆ ಟಿಪ್ಪರ್ ಹತ್ತಿಸಬಾರದು. ಗ್ರೈಂಡರಿನಲ್ಲಿ ಕತ್ತರಿಸುವಾಗ ನೀರು ಹಾಯಿಸುತ್ತಿರಲಿ, ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಹಾಳುಮಾಡುತ್ತದೆ, ಹಾಳಾದ ಶ್ವಾಸಕೋಶ ಮತ್ತೆ ಸರಿಹೋಗುವುದಿಲ್ಲ. ಕೂಲಿ ಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು ಎಂದುಕೊಳ್ಳಬೇಡಿ.

ಇಷ್ಟಾದ ಮೇಲೂ ಒಂದು ಪಿಕಪ್‌ನಷ್ಟು ಚೂರು ಉಳಿಯಬಹುದು. ಅದನ್ನು ಒಯ್ಯುವ ವ್ಯವಸ್ಥೆ ಏನಿದೆ ಎಂದು ಲಾಲ್‌ಬಾಗಿನ ಪಾಲಿಕೆ ಕಚೇರಿಯಲ್ಲಿ ಕೇಳಿ. ರಸ್ತೆ ಬದಿ ರಾಶಿ ಹಾಕಬೇಡಿ. ಮೊದಲ ಮಳೆಗೇ ಚರಂಡಿ ಕಟ್ಟುತ್ತದೆ. ಕೆಲಸ ಏಪ್ರಿಲ್ ಒಳಗೆ ಮುಗಿಯಲಿ. ಬರಿ ಮಣ್ಣಿನ ಅಂಗಳ ಜೂನಿಗೆ ಸಿಕ್ಕಿದರೆ ಮಣ್ಣೆಲ್ಲ ತೋಡಿನ ಪಾಲು.

ಪ್ರಶ್ನೆ: ಉಡುಪಿ ಸಂತೆಕಟ್ಟೆಯ ನಮ್ಮ ಮನೆಯಲ್ಲಿ ಉಪಯೋಗವಿಲ್ಲದ ಹಳೆ ಬಾವಿ ಇದೆ. ಅಂಗಳದಿಂದ ತೆಗೆದ ಸಿಮೆಂಟ್ ಟೈಲ್ಸ್ ಅದರೊಳಗೆ ಹಾಕಿ ಮುಚ್ಚಬಹುದಾ?

ಉತ್ತರ: ದಯವಿಟ್ಟು ಬೇಡ. ನೀವು ಸೇದದಿದ್ದರೂ ಆ ಬಾವಿ ಅಂತರ್ಜಲದ ಜೊತೆ ಸಂಪರ್ಕದಲ್ಲೇ ಇರುತ್ತದೆ. ಮುರಕಲ್ಲಿನ (ಕೆಂಪುಕಲ್ಲಿನ) ನೆಲದಲ್ಲಿ ನೀರು ತೂತುಗಳ ಮೂಲಕ ಬೇಗ ಹರಿಯುತ್ತದೆ. ನೀವು ಹಾಕಿದ್ದರ ಕೊಳೆ ಪಕ್ಕದ ಮನೆಯವರ ಕೊಡಕ್ಕೆ ಬರಬಹುದು. ಬಾವಿಗೆ ಕಟ್ಟೆ ಏರಿಸಿ, ಗಟ್ಟಿ ಕಬ್ಬಿಣದ ಜಾಲರಿ ಮುಚ್ಚಿ. ಮಾಡಿನ ನೀರನ್ನು ಮರಳು, ಇದ್ದಲಿನ ಸೋಸುತೊಟ್ಟಿಯ ಮೂಲಕ ಅದಕ್ಕೆ ಬಿಡಿ. ಟೈಲ್ಸನ್ನು ಒಡೆದು ಕಾಲುದಾರಿಯ ಅಡಿಗೆ ಹಾಕಿ.